ಮನೆಯಲ್ಲೇ ಎಂಜಿಬಿ ಎಂಜಿನ್ ಕೆಲಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಅನ್ನು ಮನೆಯಲ್ಲೇ ಬಿಚ್ಚಿ ಕಟ್ಟುವ ಬಗ್ಗೆ ಬೆಂಗಳೂರಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿಬಿ ಕಾರಿನವು. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಕಾರು ಇದು. ಇದರ 1798 ಸಿಸಿ ಎಂಜಿನ್ ಮತ್ತು ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಎರಡೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಮನೆತನದವು. ಹಾಗಾಗಿ ಅಂಬಾಸಿಡರ್ ಇಟ್ಟುಕೊಂಡವರಿಗೂ ಇಲ್ಲಿ ಹೇಳುವ ಕ್ರಮ ಉಪಯೋಗಕ್ಕೆ ಬರುತ್ತದೆ. ಅಂಕಿಗಳು ಮಾತ್ರ ಎಂಜಿಬಿಯವು, ಅದರಲ್ಲೂ 1964ರ ಕೊನೆಯಿಂದ ಬಂದ ಐದು ಮೈನ್ ಬೇರಿಂಗ್‌ನ ಎಂಜಿನ್‌ನವು.

ಪ್ರಶ್ನೆ: ಮಾವನವರ 1967ರ ಎಂಜಿಬಿ ಹನ್ನೊಂದು ವರ್ಷದಿಂದ ಶೆಡ್‌ನಲ್ಲಿ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಟಾಪ್ ಗೇರ್‌ಗೆ ಹಾಕಿ ನಾಲ್ಕು ಜನ ತಳ್ಳಿದರೆ ಬಿಡುತ್ತದೆ ಅನ್ನುತ್ತಾರೆ. ತಳ್ಳಬಹುದೇ? (ಬಸವನಗುಡಿ)

ತಳ್ಳಬೇಡಿ. ಸೆಲ್ಫ್ ಕೂಡ ಇನ್ನೊಮ್ಮೆ ಹೊಡೆಯಬೇಡಿ. ಗಾಡಿ ನಿಂತಾಗ ಯಾವುದೋ ಒಂದು ಸಿಲಿಂಡರ್‌ನ ವಾಲ್ವ್ ತೆರೆದೇ ಇರುತ್ತದೆ. ಹನ್ನೊಂದು ಮಳೆಗಾಲದ ತೇವ ಆ ದಾರಿಯಲ್ಲಿ ಒಳಗೆ ಹೋಗಿ, ಪಿಸ್ಟನ್ ರಿಂಗ್ ಬೋರ್‌ಗೆ, ಅಂದರೆ ಸಿಲಿಂಡರ್‌ನ ಒಳಗೋಡೆಗೆ, ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಬಲವಂತ ಮಾಡಿದರೆ ರಿಂಗ್ ಮುರಿಯುತ್ತದೆ, ಅದು ಕೂರುವ ಪಿಸ್ಟನ್ ಅಂಚೂ ಕಿತ್ತು ಬರಬಹುದು. ಅಂಟಿಕೊಂಡದ್ದು ವಾಲ್ವ್ ಆಗಿದ್ದರೆ ಪುಶ್‌ರಾಡ್ ಬಾಗುತ್ತದೆ.

ಬ್ಯಾಟರಿ ವೈರ್ ತೆಗೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ, ರಾಕರ್ ಕವರ್ ತೆಗೆದು, ಎಂಟೂ ಟ್ಯಾಪೆಟ್ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಎಟಿಎಫ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸಿ ಪ್ರತಿ ಸಿಲಿಂಡರ್‌ಗೆ ಸುಮಾರು 30 ಮಿ.ಲೀ. ಹಾಕಿ. ಅಸಿಟೋನ್ ಪೆಟ್ರೋಲ್‌ನಷ್ಟೇ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಶೆಡ್ ಬಾಗಿಲು ತೆರೆದಿರಲಿ, ಹತ್ತಿರದಲ್ಲಿ ಬೀಡಿ, ದೀಪ ಬೇಡ. ದಿನಕ್ಕೊಮ್ಮೆ ಸ್ವಲ್ಪ ಸೇರಿಸುತ್ತಾ ಏಳರಿಂದ ಹತ್ತು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸಾಕೆಟ್ ಹಾಕಿ, ಅರ್ಧ ಮೀಟರ್‌ಗಿಂತ ಉದ್ದವಿಲ್ಲದ ಹಿಡಿಯಿಂದ ಮುಂದಕ್ಕೆ ಒಂದು ಕೂದಲೆಳೆ, ಹಿಂದಕ್ಕೆ ಒಂದು ಕೂದಲೆಳೆ ಅಂತ ಆಡಿಸಿ. ಮುಂದಕ್ಕೇ ಒತ್ತುತ್ತಾ ಹೋಗಬೇಡಿ. ಹಿಂದೆ ಮುಂದೆ ಆಡಿಸಿದರೆ ತುಕ್ಕು ಪುಡಿಯಾಗಿ ದಾರಿ ಬಿಡುತ್ತದೆ.

ತಿರುಗಿತು ಅಂದುಕೊಂಡು ಸ್ಟಾರ್ಟ್ ಮಾಡಬೇಡಿ. ಹೆಡ್ ಇಳಿಸಿ ರಿಂಗ್ ನಿಂತಿದ್ದ ಜಾಗದಲ್ಲಿ ಉಗುರು ಎಳೆದು ನೋಡಿ. ಬರೀ ಕಲೆಯಿದ್ದರೆ ಹೋನಿಂಗ್ (ಕಲ್ಲಿನಿಂದ ಬೋರ್ ಗೋಡೆ ಉಜ್ಜುವುದು) ಸಾಕಾಗಬಹುದು. ಉಗುರು ತಡೆದು ನಿಂತರೆ ಬೋರ್ ಮಾಡಿಸಲೇಬೇಕು.

ಪ್ರಶ್ನೆ: ಪೋರ್ಟಿಕೋ ಮೋಲ್ಡಿಂಗ್‌ನ ಫ್ಯಾನ್ ಕೊಕ್ಕೆಗೆ ಚೈನ್ ಬ್ಲಾಕ್ ಹಾಕಿ ಎಂಜಿನ್ ಎತ್ತಬಹುದೇ? (ಜಯನಗರ)

ಖಂಡಿತ ಬೇಡ. ಗೇರ್‌ಬಾಕ್ಸ್ ಸೇರಿ ಇನ್ನೂರು ಕಿಲೋ ಆಸುಪಾಸು ತೂಗುತ್ತದೆ, ಜೊತೆಗೆ ಎಳೆದಾಟದ ಜಗ್ಗು. ಒಂದು ಟನ್‌ನ ಹೈಡ್ರಾಲಿಕ್ ಎಂಜಿನ್ ಕ್ರೇನ್ ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಎಂಜಿಬಿಯಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಇಳಿಸುವುದೇ ಸುಲಭ. ಗೇರ್‌ಬಾಕ್ಸ್ ಎಣ್ಣೆಯನ್ನು ಮೊದಲೇ ಬಸಿದುಬಿಡಿ, ಇಲ್ಲದಿದ್ದರೆ ಓರೆಯಾಗಿ ಎತ್ತಿದಾಗ ಹಿಂಬದಿಯಿಂದ ಎಲ್ಲಾ ನೆಲಕ್ಕೆ ಸುರಿಯುತ್ತದೆ. ನೆಲದ ಮೇಲೆ ಎರಡನ್ನೂ ಬೇರೆ ಮಾಡುವಾಗ ಗೇರ್‌ಬಾಕ್ಸ್‌ನ ಭಾರ ಅದರ ಮುಂದಿನ ಶಾಫ್ಟ್ ಮೇಲೆ ತೂಗದಂತೆ ಕೆಳಗೆ ಮರದ ತುಂಡು ಕೊಡಿ. ಹಾಗೆ ತೂಗಿದರೆ ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತದೆ.

ಪ್ರಶ್ನೆ: ಎಂಜಿನ್ ಪೂರ್ತಿ ಬಿಚ್ಚಿದ್ದೇನೆ. ‘40 ಓವರ್‌ಸೈಜ್ ಪಿಸ್ಟನ್ ತರಿಸಿಬಿಡಿ, ಬೋರ್ ಹೊಡೆಸಿದರೆ ಆಯಿತು’ ಅನ್ನುತ್ತಾರೆ ನಮ್ಮ ಮೆಕ್ಯಾನಿಕ್. ಕ್ರ್ಯಾಂಕ್ ನೋಡಲು ಚೆನ್ನಾಗಿಯೇ ಇದೆ. ಏನೇನು ತರಿಸಲಿ? (ರಾಜಾಜಿನಗರ)

ಸದ್ಯಕ್ಕೆ ಏನೂ ತರಿಸಬೇಡಿ. ಅಳತೆಯಾಗದೆ ಒಂದು ಪಾರ್ಟ್‌ಗೂ ದುಡ್ಡು ಕೊಡಬೇಡಿ. ವಿದೇಶದಿಂದ ತರಿಸಿದ ಪಿಸ್ಟನ್ ಸೆಟ್ ಸೈಜ್ ತಪ್ಪಿದರೆ ವಾಪಸು ಕಳಿಸುವ ಖರ್ಚೇ ಇನ್ನೊಂದು ಸೆಟ್‌ನ ಹತ್ತಿರ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬ್ಲಾಕ್‌ನದು (20, 40 ಅನ್ನುವುದು ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕ): 20ರಲ್ಲಿ ಮುಗಿಯುವ ಬೋರ್‌ಗೆ 40 ಹೊಡೆಸಿದರೆ ಆ ಬ್ಲಾಕ್‌ನ ಒಂದು ಆಯಸ್ಸನ್ನೇ ಕತ್ತರಿಸಿ ಎಸೆದಂತೆ. ಕತ್ತರಿಸಿದ ಕಬ್ಬಿಣ ಮತ್ತೆ ಬರುವುದಿಲ್ಲ.

ಬೋರ್ ಅಳೆಯಲು ಡಯಲ್ ಬೋರ್ ಗೇಜ್ ಬೇಕು. ಸ್ಕೇಲು, ವರ್ನಿಯರ್ ಇಲ್ಲಿ ಕೆಲಸಕ್ಕೆ ಬಾರವು. ಪ್ರತಿ ಬೋರ್‌ನಲ್ಲಿ ಮೂರು ಆಳ: ಮೇಲಿನ ಏಣಿನಿಂದ ಸ್ವಲ್ಪ ಕೆಳಗೆ, ನಡುವೆ, ತಳದಲ್ಲಿ. ಪ್ರತಿ ಆಳದಲ್ಲಿ ಎರಡು ದಿಕ್ಕು: ಕ್ರ್ಯಾಂಕ್‌ನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ನಾಲ್ಕು ಬೋರ್‌ಗೆ ಒಟ್ಟು 24 ಅಳತೆ. ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಕೋಷ್ಟಕ ಹಾಕಿ ಬರೆಯಿರಿ. ಸ್ಟ್ಯಾಂಡರ್ಡ್ ಬೋರ್ 80.26 ಮಿ.ಮೀ. ಸವೆತ ಹೆಚ್ಚಾಗಿ ಕಾಣುವುದು ಮೇಲ್ಭಾಗದಲ್ಲಿ, ಅದೂ ಅಡ್ಡ ದಿಕ್ಕಿನಲ್ಲಿ. ಅಲ್ಲಿ ಬಿಸಿ ಜಾಸ್ತಿ, ಎಣ್ಣೆ ಕಡಿಮೆ, ಪಿಸ್ಟನ್ ಪಕ್ಕಕ್ಕೆ ಒತ್ತುವುದೂ ಅದೇ ದಿಕ್ಕಿಗೆ. ಸವೆತ 0.15 ಮಿ.ಮೀ. ದಾಟಿದ್ದರೆ ರೀಬೋರ್. ನಾಲ್ಕರಲ್ಲಿ ಅತಿ ಕೆಟ್ಟ ಬೋರ್ ಯಾವುದೋ ಅದೇ ಉಳಿದ ಮೂರರ ಸೈಜನ್ನೂ ತೀರ್ಮಾನಿಸುತ್ತದೆ. 20 ಅಂದರೆ 80.77, 30 ಅಂದರೆ 81.02, 40 ಅಂದರೆ 81.28 ಮಿ.ಮೀ. ಕೆಟ್ಟ ಬೋರ್ ಪೂರ್ತಿ ಸ್ವಚ್ಛವಾಗುವ ಅತಿ ಚಿಕ್ಕ ಸೈಜ್ ಯಾವುದೋ ಅದನ್ನು ಆರಿಸಿ.

ಈಗ ಪಿಸ್ಟನ್ ತರಿಸಿ. ಅವು ಕೈಗೆ ಬಂದ ಮೇಲೆಯೇ ಬ್ಲಾಕ್ ಬೋರಿಂಗ್‌ಗೆ ಹೋಗಬೇಕು. ಒಂದೇ ಸೆಟ್‌ನ ಪಿಸ್ಟನ್‌ಗಳಲ್ಲೂ ಕೂದಲೆಳೆ ವ್ಯತ್ಯಾಸ ಇರುತ್ತದೆ. ಒಂದೊಂದಕ್ಕೂ 1, 2, 3, 4 ನಂಬರ್ ಬರೆದು, ಪಿಸ್ಟನ್ ಜೊತೆ ಬಂದ ಕ್ಲಿಯರೆನ್ಸ್ ಚೀಟಿಯನ್ನೂ ಸೇರಿಸಿ ಕೊಡಿ. ಒಂದನೇ ಬೋರ್ ಒಂದನೇ ಪಿಸ್ಟನ್‌ಗೆ ಸರಿಯಾಗಿ ಬರಬೇಕು. ‘ನಾವು ಎಲ್ಲಾ ಗಾಡಿಗೂ ಇಷ್ಟೇ ಬಿಡೋದು’ ಅನ್ನುವ ಮಾತಿಗೆ ಒಪ್ಪಬೇಡಿ.

ಕ್ರ್ಯಾಂಕ್ ಚೆನ್ನಾಗಿ ಕಾಣುತ್ತದೆ ಅಂದಿದ್ದೀರಿ. ಬೇರಿಂಗ್ ಒಳಗೆ ತಿರುಗುವ ಅದರ ದುಂಡು ಭಾಗ, ಅಂದರೆ ಜರ್ನಲ್, ಹೊಳೆಯುತ್ತಲೇ ಮೊಟ್ಟೆಯಾಕಾರಕ್ಕೆ ಸವೆದಿರಬಹುದು, ಕಣ್ಣಿಗೆ ಅದು ತಿಳಿಯುವುದಿಲ್ಲ. ಮೈನ್ ಜರ್ನಲ್ 54.01ರಿಂದ 54.02, ಕನೆಕ್ಟಿಂಗ್ ರಾಡ್ ಕೂರುವ ಬಿಗ್ ಎಂಡ್ ಜರ್ನಲ್ 47.65ರಿಂದ 47.66 ಮಿ.ಮೀ. ಇರಬೇಕು. ಮೈಕ್ರೋಮೀಟರ್‌ನಿಂದ ಪ್ರತಿ ಜರ್ನಲ್ ಅನ್ನು ಎರಡು ಕಡೆ, ಎರಡು ದಿಕ್ಕಿಗೆ ಅಳೆಯಿರಿ. ಎರಡು ದಿಕ್ಕಿನ ನಡುವೆ 0.025 ಮಿ.ಮೀ. ವ್ಯತ್ಯಾಸ ಬಂದರೆ ಗ್ರೈಂಡಿಂಗ್ ಮಾಡಿಸಬೇಕು. ಅದಕ್ಕೆ ಮೊದಲು ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಮಾಡಿಸಿ. ಪೀಣ್ಯದ ಕಡೆ ಈ ಕೆಲಸ ಮಾಡುವವರಿದ್ದಾರೆ. ಬಿರುಕಿರುವ ಕ್ರ್ಯಾಂಕ್‌ಗೆ ಗ್ರೈಂಡಿಂಗ್ ದುಡ್ಡು ಹಾಕುವುದು ದಂಡ. ಗ್ರೈಂಡಿಂಗ್‌ನವರಿಗೆ ಎರಡು ಮಾತು ಬರೆದೇ ಕೊಡಿ: ಜರ್ನಲ್ ಮತ್ತು ಅದರ ಪಕ್ಕದ ತೋಳು (ವೆಬ್) ಸೇರುವ ಮೂಲೆಯ ದುಂಡನೆಯ ತಿರುವು ಹಾಗೇ ಉಳಿಯಬೇಕು, ಎಣ್ಣೆ ತೂತಿನ ಬಾಯಿಯ ಚೂಪು ತೆಗೆದಿರಬೇಕು. ಮೂಲೆ ಚೌಕವಾದರೆ ಕ್ರ್ಯಾಂಕ್ ಒಂದು ದಿನ ಅಲ್ಲೇ ತುಂಡಾಗುತ್ತದೆ. ತೂತಿನ ಬಾಯಿ ಚೂಪಾಗಿದ್ದರೆ ಬೇರಿಂಗ್ ಅನ್ನು ಕೆರೆಯುತ್ತದೆ.

ಬೇರಿಂಗ್ ಸೈಜ್ ಮಾರುಕಟ್ಟೆಯಲ್ಲಿ ಸಿಗುತ್ತದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಗ್ರೈಂಡಿಂಗ್, ಗ್ರೈಂಡಿಂಗ್ ಆಗಿ ನೀವೇ ಅಳೆದ ಮೇಲೆ ಖರೀದಿ. ಜೋಡಿಸುವಾಗ ಬೇರಿಂಗ್ ಸಂದು ಅಳೆಯಲು ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗುವ ಪ್ಲಾಸ್ಟಿಕ್) ಎಳೆ ಇಟ್ಟು ಟಾರ್ಕ್ ಕೊಟ್ಟು ಬಿಚ್ಚಿ ನೋಡಿ. 0.025ರಿಂದ 0.07 ಮಿ.ಮೀ. ಒಳಗೆ ಬರಬೇಕು. ಆ ಎಳೆ ಇರುವಾಗ ಕ್ರ್ಯಾಂಕ್ ತಿರುಗಿಸಬೇಡಿ. ಕ್ರ್ಯಾಂಕ್‌ನ ಹಿಂದೆ ಮುಂದಿನ ಆಟ 0.10ರಿಂದ 0.13 ಮಿ.ಮೀ. ನಡುವಿನ ಮೈನ್ ಬೇರಿಂಗ್‌ನ ಥ್ರಸ್ಟ್ ವಾಷರ್‌ಗಳ ಎಣ್ಣೆ ಕಾಲುವೆಗಳು (ಗ್ರೂವ್) ಕ್ರ್ಯಾಂಕ್ ಕಡೆಗೆ ಮುಖ ಮಾಡಿರಬೇಕು. ಇದು ತಿರುಗುಮುರುಗಾದರೆ ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಸವೆಯುತ್ತದೆ.

ಹೆಡ್‌ಗೆ ಸ್ಟ್ರೈಟ್ ಎಡ್ಜ್ ಇಟ್ಟು, ಎಲ್ಲಾದರೂ 0.05 ಮಿ.ಮೀ. ಫೀಲರ್ ತೂರುತ್ತದೆಯೇ ನೋಡಿ. 2 ಮತ್ತು 3ನೇ ಸಿಲಿಂಡರ್‌ಗಳ ಎಕ್ಸಾಸ್ಟ್ ಎರಡೂ ನಡುವಿನ ಒಂದೇ ಪೋರ್ಟ್‌ಗೆ ಹೋಗುವುದರಿಂದ ಅಲ್ಲಿ ಬಿಸಿ ಹೆಚ್ಚು. ವಾಲ್ವ್ ಸೀಟ್‌ಗಳ ನಡುವಿನ ಬಿರುಕನ್ನು ಮೊದಲು ಅಲ್ಲೇ ಹುಡುಕಿ. ನಮ್ಮಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಹೋಗಿದ್ದು 2000ದಲ್ಲಿ. ಹಳೆಯ ಹೆಡ್‌ನ ಬರೀ ಕಬ್ಬಿಣದ ಸೀಟ್‌ಗೆ ಆ ಸೀಸವೇ ರಕ್ಷಣೆಯಾಗಿತ್ತು. ಹೆಡ್ ಹೇಗೂ ಕೆಳಗಿದೆ, ನಾಲ್ಕೂ ಎಕ್ಸಾಸ್ಟ್ ವಾಲ್ವ್‌ಗೆ ಗಟ್ಟಿ ಸೀಟ್ ಹಾಕಿಸಿಬಿಡಿ.

ಪ್ರಶ್ನೆ: ಬೋರ್ ಮಾಡಿಸಿ ತಂದ ಬ್ಲಾಕ್ ಕನ್ನಡಿಯಂತೆ ಹೊಳೆಯುತ್ತಿದೆ. ‘ಪೆಟ್ರೋಲ್‌ನಲ್ಲಿ ತೊಳೆದೇ ಕೊಟ್ಟಿದ್ದೇವೆ, ನೇರ ಜೋಡಿಸಿ’ ಅಂದರು. ಜೋಡಿಸಲೇ? (ಹನುಮಂತನಗರ)

ಎರಡು ಕಾರಣಕ್ಕೆ ನಿಲ್ಲಿ. ಮೊದಲನೆಯದು ಆ ಹೊಳಪು. ಬೋರ್ ಗೋಡೆ ಕನ್ನಡಿಯಾಗಿದ್ದರೆ ಎಣ್ಣೆ ನಿಲ್ಲುವುದಿಲ್ಲ, ರಿಂಗ್ ಕೂರುವುದಿಲ್ಲ. ಓರೆ ಬೆಳಕಿನಲ್ಲಿ ನೋಡಿದರೆ ಚಾಪೆ ಹೆಣೆದಂತೆ ಒಂದನ್ನೊಂದು ದಾಟುವ ಗೀರುಗಳು ಸುಮಾರು 45 ಡಿಗ್ರಿಯಲ್ಲಿ ಕಾಣಬೇಕು. ಕಾಣದಿದ್ದರೆ ವಾಪಸು ಒಯ್ದು 220ರಿಂದ 280 ಗ್ರಿಟ್ ಕಲ್ಲಿನಲ್ಲಿ ಹೋನಿಂಗ್ ಮಾಡಿಸಿ.

ಎರಡನೆಯದು ತೊಳೆಯುವ ವಿಷಯ. ಎಂಜಿನ್ ಕೆಲಸದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ದೊಡ್ಡ ಲಾಭದ ಹೆಜ್ಜೆ ಇಲ್ಲ. ಪೆಟ್ರೋಲ್ ಎಣ್ಣೆಯನ್ನು ಒಯ್ಯುತ್ತದೆ, ಹೋನಿಂಗ್ ಕಲ್ಲಿನ ಪುಡಿಯನ್ನು ಗೀರುಗಳಲ್ಲೇ ಬಿಟ್ಟು ಹೋಗುತ್ತದೆ. ಆ ಪುಡಿ ಎಮರಿಯೇ. ಹೊಸ ರಿಂಗ್, ಹೊಸ ಬೇರಿಂಗ್ ಎರಡನ್ನೂ ಮೊದಲ ಗಂಟೆಯಲ್ಲೇ ತಿನ್ನುತ್ತದೆ. ಬಕೆಟ್‌ನಲ್ಲಿ ಕೈ ಸುಡುವಷ್ಟು ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಬಾಟಲಿ ಬ್ರಶ್ ತೆಗೆದುಕೊಳ್ಳಿ. ಪ್ರತಿ ಬೋರ್ ಅನ್ನು ನೊರೆಯಲ್ಲಿ ಉಜ್ಜಿ, ತೊಳೆದು, ಒಣಗಿಸಿ, ಒಂದು ಹಳೆಯ ಬಿಳಿ ಬನಿಯನ್ ತುಂಡಿಗೆ ಎಂಜಿನ್ ಆಯಿಲ್ ಹಚ್ಚಿ ಗೋಡೆ ಒರೆಸಿ. ಬಟ್ಟೆ ಬೂದು ಬಣ್ಣವಾದರೆ ಇನ್ನೂ ಪುಡಿ ಇದೆ ಅಂತ ಅರ್ಥ. ಮತ್ತೆ ಸೋಪು, ಮತ್ತೆ ಬಿಸಿ ನೀರು. ಮೂರು ನಾಲ್ಕು ಸುತ್ತು ಬೇಕಾಗುತ್ತದೆ. ಬಟ್ಟೆ ಬಿಳಿಯಾಗಿಯೇ ಹೊರಬಂದಾಗ ನಿಲ್ಲಿಸಿ, ತಕ್ಷಣ ಎಣ್ಣೆ ಹಚ್ಚಿ. ಜೂನ್ ಜುಲೈನ ಬೆಂಗಳೂರಿನ ತೇವಕ್ಕೆ ಒಣಗಿದ ಬೋರ್ ನೀವು ಒಳಗೆ ಕಾಫಿ ಕುಡಿದು ಬರುವಷ್ಟರಲ್ಲಿ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ.

ಬೋರ್ ತೊಳೆದರೆ ಸಾಲದು. ಬ್ಲಾಕ್‌ನ ಎಣ್ಣೆ ಗ್ಯಾಲರಿಯ ಮುಚ್ಚಳಗಳನ್ನು ತೆಗೆಸಿ ಉದ್ದ ಬ್ರಶ್ ಹಾಕಿ ತೊಳೆಯಿರಿ. ಕ್ರ್ಯಾಂಕ್‌ನ ಒಳದಾರಿಗಳಿಗೂ ಹಾಗೇ ಮಾಡಿ. ಬ್ಲಾಕ್‌ನ ನೀರಿನ ದಾರಿ ಮುಚ್ಚುವ ಬಿಲ್ಲೆಗಳಾದ ವೆಲ್ಚ್ ಪ್ಲಗ್‌ಗಳನ್ನು ಕಿತ್ತು ನೋಡಿದರೆ ನಾಲ್ಕನೇ ಸಿಲಿಂಡರ್‌ನ ಹಿಂದೆ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ಗಾಡಿಯಾದರೆ ಸುಣ್ಣದ ಪದರವೂ ಇರುತ್ತದೆ. ಅದನ್ನು ಕೆರೆದು ತೆಗೆಯದೆ ರೇಡಿಯೇಟರ್ ಬದಲಿಸಿದರೆ ಹೀಟಿಂಗ್ ನಿಲ್ಲುವುದಿಲ್ಲ. ಬ್ಲಾಕ್‌ನ ನೀರು ಬಸಿಯುವ ಟ್ಯಾಪ್‌ನ ತೂತಿಗೆ ತಂತಿ ತೂರಿಸಿ. ಅದು ಮುಚ್ಚಿಲ್ಲದ ಹಳೆಯ ಬ್ಲಾಕ್ ಅಪರೂಪ.

ಆಮೇಲೆ ರಿಂಗ್. ಒಂದೊಂದೇ ರಿಂಗ್ ಅನ್ನು ಅದರದೇ ಬೋರ್‌ಗೆ ಇಳಿಸಿ, ಪಿಸ್ಟನ್ ತಲೆಕೆಳಗು ಮಾಡಿ ಒತ್ತಿ ಸಮ ಮಾಡಿ, ತುದಿಗಳ ನಡುವಿನ ಸಂದು ಅಳೆಯಿರಿ. ಕಂಪ್ರೆಶನ್ ರಿಂಗ್‌ಗೆ 0.30ರಿಂದ 0.55 ಮಿ.ಮೀ. ಕಡಿಮೆಯಿದ್ದರೆ ಬಿಸಿಗೆ ಹಿಗ್ಗಿ ತುದಿಗಳು ಒಂದಕ್ಕೊಂದು ಗುದ್ದಿ ರಿಂಗ್ ಮುರಿಯುತ್ತದೆ, ಆದ್ದರಿಂದ ಸಣ್ಣ ಅರದಿಂದ ಒಂದೇ ತುದಿಯನ್ನು ತೀಡಿ. ಪಿಸ್ಟನ್ ಇಳಿಸುವಾಗ ಸಂದುಗಳು ಒಂದರ ಮೇಲೊಂದು ಬರಬಾರದು. ಕನೆಕ್ಟಿಂಗ್ ರಾಡ್‌ನ ಬೋಲ್ಟ್‌ಗಳಿಗೆ ರಬ್ಬರ್ ಟ್ಯೂಬ್ ತೊಡಿಸಿ, ಇಲ್ಲವಾದರೆ ಗ್ರೈಂಡ್ ಮಾಡಿಸಿದ ಜರ್ನಲ್‌ಗೆ ಗೀರು ಬೀಳುತ್ತದೆ. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಪಿಸ್ಟನ್ ಇಳಿಯಬೇಕು. ತಡೆದು ನಿಂತಿತೋ, ಒಂದು ರಿಂಗ್ ಕಂಪ್ರೆಸರ್‌ನಿಂದ ಜಾರಿ ಹೊರಗೆ ನಿಂತಿದೆ. ಹೊರಗೆ ತೆಗೆದು ಮತ್ತೆ ಶುರು ಮಾಡಿ.

ಪ್ರಶ್ನೆ: ಮ್ಯಾನುಯಲ್‌ನಲ್ಲಿ ಹೆಡ್‌ಗೆ 50 ಅಂತಿದೆ. ನನ್ನ ಟಾರ್ಕ್ ರೆಂಚ್‌ನಲ್ಲಿ ಕೆಜಿ-ಮೀಟರ್ ಇದೆ. ಇನ್ನೊಂದು ವಿಷಯ, 13ನೇ ನಂಬರ್ ಸ್ಪ್ಯಾನರ್ ಎಲ್ಲಾ ಕಡೆ ಜಾರುತ್ತಿದೆ. (ವಿಜಯನಗರ)

ಆ 50 ಇಂಗ್ಲಿಷ್ ಪೌಂಡ್-ಅಡಿ ಲೆಕ್ಕ. ಅಂದರೆ 6.9 ಕೆಜಿ-ಮೀಟರ್, ಅಥವಾ 68 ನ್ಯೂಟನ್-ಮೀಟರ್. ಮೈನ್ ಬೇರಿಂಗ್ 95 ನ್ಯೂಟನ್-ಮೀಟರ್, ಬಿಗ್ ಎಂಡ್ ಬೋಲ್ಟ್ 47ರಿಂದ 54, ಹನ್ನೆರಡು ಮೂಲೆಯ ನಟ್ ಇರುವ ನಂತರದ ಎಂಜಿನ್‌ಗೆ 42ರಿಂದ 47, ರಾಕರ್ ಬ್ರಾಕೆಟ್ 34, ಫ್ಲೈವೀಲ್ 54, ಕ್ರ್ಯಾಂಕ್ ಪುಲ್ಲಿ 95. ಹೆಡ್ ಅನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ ಹೋಗುತ್ತಾ ಮೂರು ಸುತ್ತಿನಲ್ಲಿ ಬಿಗಿ ಮಾಡಿ. ರಾಕರ್ ಬಿಚ್ಚುವಾಗಲೂ ಒಂದು ಎಚ್ಚರ: ಅದರ ಎಂಟು ನಟ್‌ಗಳಲ್ಲಿ ನಾಲ್ಕು ಹೆಡ್ ಅನ್ನೂ ಹಿಡಿದಿರುತ್ತವೆ. ಅವನ್ನಷ್ಟೇ ಸಡಿಲಿಸಿದರೆ ಹೆಡ್ ಸೊಟ್ಟಗಾಗುತ್ತದೆ. ನೀರು ಬಸಿದು, ಹೆಡ್ ನಟ್ ಎಲ್ಲವನ್ನೂ ಸಮವಾಗಿ ಸಡಿಲಿಸಿ.

ಸ್ಪ್ಯಾನರ್ ಜಾರುವುದಕ್ಕೆ ಕಾರಣ, ನಿಮ್ಮ ನಟ್ 13 ಮಿ.ಮೀ. ಅಲ್ಲ, ಅರ್ಧ ಇಂಚು, ಅಂದರೆ 12.7. ನಟ್‌ನ ಮುಖದಿಂದ ಮುಖಕ್ಕೆ ಅಳೆಯುವ ಇಂಚಿನ ಎಎಫ್ ಸ್ಪ್ಯಾನರ್ ಸೆಟ್ ತನ್ನಿ: 7/16, 1/2, 9/16, 5/8, 3/4 ಇದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ಬೋಲ್ಟ್‌ಗಳ ಥ್ರೆಡ್ ಯುಎನ್‌ಎಫ್ ಎಂಬ ಇಂಚಿನ ಅಳತೆಯದು, ಮೆಟ್ರಿಕ್ ಬೋಲ್ಟ್ ಎರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಎಸ್‌ಜೆಪಿ ರಸ್ತೆಗೋ ಜೆ.ಸಿ. ರಸ್ತೆಗೋ ಹೋಗುವಾಗ ಹಳೆಯ ಬೋಲ್ಟ್ ಒಂದನ್ನು ಜೇಬಿನಲ್ಲಿ ಒಯ್ದು, ಅಂಗಡಿಯಲ್ಲೇ ನಟ್ ತಿರುಗಿಸಿ ನೋಡಿ ಕೊಳ್ಳಿ. ಬಿಗ್ ಎಂಡ್, ಹೆಡ್‌ಗೆ ಮಾತ್ರ ಅಂಗಡಿಯ ಸಾಮಾನ್ಯ ಬೋಲ್ಟ್ ಬೇಡ.

ಪ್ರಶ್ನೆ: ಗ್ಯಾರೇಜೊಂದರಲ್ಲಿ ಹೊಸ ಕ್ಯಾಮ್‌ಶಾಫ್ಟ್ ಹಾಕಿಸಿದೆ. 600 ಕಿ.ಮೀ.ಗೆ ಟ್ಯಾಪೆಟ್ ಸದ್ದು ಶುರುವಾಯಿತು. ಎಷ್ಟು ಸಲ ಸೆಟ್ ಮಾಡಿದರೂ ಸಡಿಲ. ಬಿಚ್ಚಿದರೆ ಕ್ಯಾಮ್‌ನ ಎರಡು ಲೋಬ್ (ಉಬ್ಬು) ಸವೆದು ಗುಂಡಗಾಗಿವೆ. ಹಳೆಯ ಟ್ಯಾಪೆಟ್‌ಗಳನ್ನೇ ಹಾಕಿದ್ದರಂತೆ. (ಮಲ್ಲೇಶ್ವರ)

ಕಾರಣ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಹಳೆಯ ಟ್ಯಾಪೆಟ್‌ನ ತಳ ಹಳೆಯ ಲೋಬ್‌ಗೆ ಒಗ್ಗಿ ಸವೆದಿರುತ್ತದೆ. ಹೊಸ ಲೋಬ್ ಮೇಲೆ ಅದು ತಿರುಗದೆ ಒಂದೇ ಕಡೆ ಕೆರೆಯುತ್ತದೆ. ಹೊಸ ಕ್ಯಾಮ್‌ಗೆ ಎಂಟೂ ಟ್ಯಾಪೆಟ್ ಹೊಸವೇ ಆಗಬೇಕು. ಲೋಬ್ ಮತ್ತು ಟ್ಯಾಪೆಟ್ ತಳಕ್ಕೆ ಮಾಲಿಬ್ಡಿನಮ್ ಅಸೆಂಬ್ಲಿ ಪೇಸ್ಟ್ ಹಚ್ಚಿ. ಸವೆದ ಲೋಹದ ಪುಡಿ ಈಗ ಎಣ್ಣೆಯಲ್ಲೆಲ್ಲ ಓಡಾಡಿದೆ, ಹಾಗಾಗಿ ಬಿಗ್ ಎಂಡ್ ಬೇರಿಂಗ್‌ಗಳನ್ನೂ ಬಿಚ್ಚಿ ನೋಡದೆ ಮತ್ತೆ ಕಟ್ಟಬೇಡಿ.

ಎಣ್ಣೆಯ ಪಾಲೂ ಇದೆ. ಇಂಥ ಚಪ್ಪಟೆ ತಳದ ಟ್ಯಾಪೆಟ್‌ಗೆ ಜಿಂಕ್, ಫಾಸ್ಫರಸ್ ಇರುವ ಎಣ್ಣೆ ಬೇಕು. ಇವತ್ತಿನ ಕಾರುಗಳ ತೆಳು 5ಡಬ್ಲ್ಯು-30ರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ಫಾಸ್ಫರಸ್ ಅನ್ನು 800 ಪಿಪಿಎಂಗೆ ಮಿತಿಗೊಳಿಸಿದ್ದಾರೆ. ಮಿನರಲ್ 20ಡಬ್ಲ್ಯು-50 ಹಾಕಿ. ಫಿಲ್ಟರ್ ಸೇರಿ ನಾಲ್ಕೂಕಾಲು ಲೀಟರ್ ಹಿಡಿಯುತ್ತದೆ.

ಮೊದಲ ಸ್ಟಾರ್ಟ್ ಹೀಗಿರಲಿ. ಜೋಡಿಸುವಾಗಲೇ ಆಯಿಲ್ ಪಂಪ್‌ನ ಒಳಗೆ ವ್ಯಾಸಲೀನ್ ತುಂಬಿ, ಆಗ ಅದು ಮೊದಲ ಸುತ್ತಿಗೇ ಎಣ್ಣೆ ಎಳೆಯುತ್ತದೆ. ಪ್ಲಗ್ ಬಿಚ್ಚಿಟ್ಟು ಗೇಜ್‌ನಲ್ಲಿ ಪ್ರೆಶರ್ ಕಾಣುವವರೆಗೆ ಹತ್ತತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪ್ಲಗ್ ಹಾಕಿ ಸ್ಟಾರ್ಟ್ ಆದ ಕ್ಷಣದಿಂದ 20 ನಿಮಿಷ ಐಡ್ಲಿಂಗ್‌ಗೆ ಬಿಡಲೇಬಾರದು. 2000ದಿಂದ 2500 ಆರ್‌ಪಿಎಂ ನಡುವೆ ಮೇಲೆ ಕೆಳಗೆ ಆಡಿಸುತ್ತಿರಿ. ಲೋಬ್‌ಗೆ ಎಣ್ಣೆ ತಲುಪುವುದು ಕ್ರ್ಯಾಂಕ್ ಎರಚುವ ಎಣ್ಣೆಯಿಂದ, ಐಡ್ಲಿಂಗ್‌ನಲ್ಲಿ ಅದು ಸಾಲದು. ಆದ್ದರಿಂದ ಇಗ್ನಿಷನ್ ಟೈಮಿಂಗ್, ಪೆಟ್ರೋಲ್, ನೀರು ಎಲ್ಲವೂ ಸ್ಟಾರ್ಟ್‌ಗೆ ಮೊದಲೇ ಸರಿಯಿರಬೇಕು. ಹತ್ತು ಸಲ ಕೆಮ್ಮಿಸಿ ಆಮೇಲೆ ಸ್ಟಾರ್ಟ್ ಮಾಡುವ ಎಂಜಿನ್‌ನಲ್ಲಿ ಕ್ಯಾಮ್‌ನ ಪೇಸ್ಟ್ ಅಷ್ಟರಲ್ಲೇ ಹೋಗಿರುತ್ತದೆ. ಕೈಗೆಟಕುವಂತೆ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಪ್ರಶ್ನೆ: ಕಟ್ಟಿ ಮುಗಿಸಿದೆ. ಸೆಲ್ಫ್ ಹೊಡೆದರೆ ಕಾರ್ಬುರೇಟರ್‌ನಿಂದ ‘ಢಬ್’ ಅಂತ ಹಿಂದಕ್ಕೆ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಟೈಮಿಂಗ್ ಚೈನ್‌ನ ಗುರುತು ಸರಿಯಾಗಿಯೇ ಕೂರಿಸಿದ್ದೆ. (ಗಿರಿನಗರ)

ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಿ ಕೂತಿರುವ ಸಾಧ್ಯತೆಯೇ ಹೆಚ್ಚು. ಪುಲ್ಲಿಯ ಗುರುತು ಟಿಡಿಸಿಗೆ (ಪಿಸ್ಟನ್ ಅತಿ ಮೇಲಿರುವ ಸ್ಥಾನಕ್ಕೆ) ಬಂದಾಗ 1ನೇ ಸಿಲಿಂಡರ್ ಕಂಪ್ರೆಶನ್‌ನಲ್ಲಿರಬಹುದು, ಅಥವಾ 4ನೆಯದು ಇರಬಹುದು. ರಾಕರ್ ಕವರ್ ತೆಗೆದು ನೋಡಿ: 4ನೇ ಸಿಲಿಂಡರ್‌ನ ಎರಡು ವಾಲ್ವ್‌ಗಳಲ್ಲಿ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ತೂಗುತ್ತಿದ್ದರೆ 1ನೆಯದು ಕಂಪ್ರೆಶನ್‌ನಲ್ಲಿದೆ. ಆಗ ರೋಟರ್ 1ನೇ ವೈರ್ ಕಡೆ ನೋಡುತ್ತಿರಬೇಕು. ಫೈರಿಂಗ್ ಆರ್ಡರ್ 1-3-4-2, ರೋಟರ್ ತಿರುಗುವುದು ಗಡಿಯಾರಕ್ಕೆ ಎದುರಾಗಿ. ಪಾಯಿಂಟ್ ಗ್ಯಾಪ್ 0.35ರಿಂದ 0.40, ಪ್ಲಗ್ ಗ್ಯಾಪ್ 0.63 ಮಿ.ಮೀ., ಸ್ಟ್ಯಾಟಿಕ್ ಟೈಮಿಂಗ್ ಟಿಡಿಸಿಗೆ 10 ಡಿಗ್ರಿ ಮೊದಲು.

ಕವರ್ ಹೇಗೂ ತೆಗೆದಿದ್ದೀರಿ, ಟ್ಯಾಪೆಟ್ ಕೂಡ ನೋಡಿಬಿಡಿ: ತಣ್ಣಗಿರುವಾಗ 0.38 ಮಿ.ಮೀ. ಒಂಬತ್ತರ ಲೆಕ್ಕ ನೆನಪಿಟ್ಟುಕೊಳ್ಳಿ. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು, 6 ತೆರೆದಾಗ 3ನ್ನು, ಹೀಗೆ ಎರಡೂ ಕೂಡಿದರೆ ಒಂಬತ್ತು ಬರಬೇಕು.

ಪ್ರಶ್ನೆ: ಹೊಸದಾಗಿ ಕಟ್ಟಿದ ಎಂಜಿನ್‌ನ ಕಂಪ್ರೆಶನ್ ನಾಲ್ಕರಲ್ಲೂ 145 ಪಿಎಸ್‌ಐ ಆಸುಪಾಸು ಬರುತ್ತಿದೆ. 160 ಬರಬೇಕು ಅನ್ನುತ್ತಾರೆ. ಬೋರಿಂಗ್ ಕೆಟ್ಟಿದೆಯೇ? (ಯಲಹಂಕ)

ಕೆಟ್ಟಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ ನೂರಕ್ಕೆ ಹತ್ತು ಕಡಿಮೆ. ಗೇಜ್ ಕೂಡ ಅಷ್ಟೇ ಕಡಿಮೆ ತೋರಿಸುತ್ತದೆ. ನಾಲ್ಕೂ ಸಮವಾಗಿವೆ ಅನ್ನುವುದೇ ಮುಖ್ಯ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಅಳೆದಿರಬೇಕು. ಯಾವುದಾದರೂ ಒಂದು ಬಹಳ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ಪ್ರಶ್ನೆ: ಈಗಿನ ಇ20 ಪೆಟ್ರೋಲ್‌ಗೆ ಎಸ್‌ಯು ಕಾರ್ಬುರೇಟರ್‌ಗಳನ್ನು ಹೇಗೆ ಹೊಂದಿಸುವುದು? (ಹೆಬ್ಬಾಳ)

2023ರ ಫೆಬ್ರವರಿಯಲ್ಲಿ ಇ20ಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಇದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಎಥನಾಲ್ ಬೆರೆತರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು: ಬರೀ ಪೆಟ್ರೋಲ್‌ಗೆ ಗಾಳಿ 14.7 ಪಾಲು ಇದ್ದರೆ ಇ20ಗೆ ಸುಮಾರು 13.5. ಹಾಗಾಗಿ ಹಳೆಯ ಸೆಟಿಂಗ್‌ನಲ್ಲಿ ಮಿಶ್ರಣ ನೂರಕ್ಕೆ ಎಂಟರಷ್ಟು ತೆಳುವಾಗುತ್ತದೆ. ಇತ್ತ ಬೆಂಗಳೂರಿನ ಎತ್ತರ ಅದನ್ನೇ ನೂರಕ್ಕೆ ಐದರಷ್ಟು ದಪ್ಪ ಮಾಡುತ್ತದೆ. ಎರಡೂ ಕಳೆದು ಉಳಿಯುವ ಕೊರತೆ ಸಣ್ಣದು. ಕೆಳಗಿನ ಜೆಟ್ ನಟ್ ಅನ್ನು ಒಂದೊಂದು ಮುಖದಷ್ಟು ಕೆಳಕ್ಕೆ ತಿರುಗಿಸಿ, ಎರಡೂ ಕಾರ್ಬುರೇಟರ್‌ಗೆ ಸಮವಾಗಿ. ಪರೀಕ್ಷೆಗೆ ಕಾರ್ಬುರೇಟರ್‌ನೊಳಗಿನ ಪಿಸ್ಟನ್ ಎತ್ತುವ ಪಿನ್ ಅನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ. ಆರ್‌ಪಿಎಂ ಏರಿ ಅಲ್ಲೇ ನಿಂತರೆ ದಪ್ಪ, ಎಂಜಿನ್ ಕುಸಿದರೆ ತೆಳು, ಒಂದು ಕ್ಷಣ ಸ್ವಲ್ಪ ಏರಿ ಮೊದಲಿನಂತಾದರೆ ಸರಿ. ಊಟಿಗೋ ಮಂಗಳೂರಿಗೋ ಹೊರಟರೆ ಈ ಲೆಕ್ಕ ಬದಲಾಗುತ್ತದೆ.

ಟ್ಯೂನಿಂಗ್‌ಗಿಂತ ದೊಡ್ಡ ಚಿಂತೆ ರಬ್ಬರ್. ಹಳೆಯ ಪೆಟ್ರೋಲ್ ಪೈಪ್‌ಗಳು ಎಥನಾಲ್‌ಗೆ ಮೆತ್ತಗಾಗಿ ಬಿರಿಯುತ್ತವೆ, ಅದೂ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಪಕ್ಕದಲ್ಲೇ. ಎಲ್ಲವನ್ನೂ ಆರ್9 ದರ್ಜೆಯ ಹೋಸ್‌ಗೆ ಬದಲಿಸಿ, ಪಂಪ್‌ನ ಡಯಾಫ್ರಾಮ್, ಫ್ಲೋಟ್ ಚೇಂಬರ್ ಸೀಲ್ ಕೂಡ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಬಸಿದಿಡಿ, ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಪ್ರಶ್ನೆ: ಬ್ಲಾಕ್ ಸೀಳಿದೆ. ಅಂಬಾಸಿಡರ್ ಎಂಜಿನ್ ಸುಲಭವಾಗಿ ಸಿಗುತ್ತಿದೆ, ಅದನ್ನೇ ಕೂರಿಸಲೇ? ಅದರ ಕ್ರ್ಯಾಂಕ್ ಆದರೂ ಎಂಜಿಬಿ ಬ್ಲಾಕ್‌ಗೆ ಆಗುತ್ತದೆಯೇ? (ಕೆಂಗೇರಿ)

ಕ್ರ್ಯಾಂಕ್ ಆಗುವುದಿಲ್ಲ. ಸ್ಟ್ರೋಕ್ ಎರಡರಲ್ಲೂ 88.9 ಮಿ.ಮೀ. ಆದರೂ ಅಂಬಾಸಿಡರ್‌ನದು ಮೂರು ಮೈನ್ ಬೇರಿಂಗ್. ಇಡೀ ಎಂಜಿನ್ ಬದಲಿಸುವ ಮೊದಲು ಕಾಗದದ ವಿಷಯ ಯೋಚಿಸಿ. ಎಂಜಿನ್ ನಂಬರ್ ಆರ್‌ಸಿಯಲ್ಲಿದೆ, ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಅನುಮತಿ ಬೇಕು. 2021ರ ಕೇಂದ್ರ ನಿಯಮದಲ್ಲಿ 50 ವರ್ಷ ದಾಟಿದ ಕಾರಿಗೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಸಿಗುವುದು ಗಾಡಿ ಮೂಲ ರೂಪದಲ್ಲಿದ್ದರೆ, ಚಾಸಿ, ಬಾಡಿ, ಎಂಜಿನ್ ಮಾರ್ಪಾಡು ಆಗಿರದಿದ್ದರೆ. ಬಿರುಕು ನೀರಿನ ಜಾಕೆಟ್‌ನ ಹೊರಗೋಡೆಯಲ್ಲಿದ್ದರೆ ಲೋಹದ ಸ್ಟಿಚಿಂಗ್‌ನಿಂದ ಸರಿಮಾಡಬಹುದು. ಬೋರ್‌ನೊಳಗಿದ್ದರೆ ಆ ಸಿಲಿಂಡರ್‌ಗೆ ಲೈನರ್ ಹಾಕಿಸಬಹುದು. ಆ ಬ್ಲಾಕ್ ಅನ್ನು ಗುಜರಿಗೆ ಮಾತ್ರ ಹಾಕಬೇಡಿ.

ಪ್ರಶ್ನೆ: ಹೊಸ ಎಂಜಿನ್ ಅನ್ನು ಎಷ್ಟು ದಿನ ನಿಧಾನವಾಗಿ ಓಡಿಸಬೇಕು? (ಬನಶಂಕರಿ)

ನಿಧಾನ ಅನ್ನುವುದೇ ತಪ್ಪು ತಿಳಿವಳಿಕೆ. ರಿಂಗ್ ಬೋರ್‌ಗೆ ಕೂರಲು ಒತ್ತಡ ಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳಿಸಿದರೆ ರಿಂಗ್ ಕೂರುವ ಮೊದಲೇ ಬೋರ್ ಗೋಡೆ ಗಾಜಿನಂತಾಗಿ, ಎಂಜಿನ್ ಶಾಶ್ವತವಾಗಿ ಎಣ್ಣೆ ಕುಡಿಯುವುದನ್ನು ಕಲಿಯುತ್ತದೆ. ಬೆಳಗ್ಗೆ ಐದೂವರೆಗೆ ಹೊರಟು ಕನಕಪುರ ರಸ್ತೆಗೋ ತುಮಕೂರು ರಸ್ತೆಗೋ ಹೋಗಿ. ಟಾಪ್ ಗೇರ್‌ನಲ್ಲಿ 50ರಿಂದ 75ಕ್ಕೆ ಗಟ್ಟಿಯಾಗಿ ರೇಸ್ ಕೊಟ್ಟು ಏರಿಸಿ, ಕಾಲು ತೆಗೆದು ಗೇರ್‌ನಲ್ಲೇ ಇಳಿಯಲು ಬಿಡಿ. ಹದಿನೈದು ಇಪ್ಪತ್ತು ಸಲ ಹೀಗೆ ಮಾಡಿ. ಮೊದಲ 800 ಕಿ.ಮೀ. 3500 ಆರ್‌ಪಿಎಂ ದಾಟಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹಿಡಿಯಬೇಡಿ, ಟಾಪ್ ಗೇರ್‌ನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಎಳೆಸಬೇಡಿ.

ಥರ್ಮೋಸ್ಟಾಟ್ ಕಿತ್ತು ಹಾಕುವ ಚಾಳಿ ನಮ್ಮಲ್ಲಿದೆ, ಹಾಗೆ ಮಾಡಬೇಡಿ. ಬಿಸಿ ದೇಶಕ್ಕೆಂದೇ 74 ಡಿಗ್ರಿಯದು ಸಿಗುತ್ತದೆ. ಬಿಸಿಯಾದ ಎಂಜಿನ್ ಓಡುವಾಗ ಆಯಿಲ್ ಪ್ರೆಶರ್ 50ರಿಂದ 80 ಪಿಎಸ್‌ಐ, ಐಡ್ಲಿಂಗ್‌ನಲ್ಲಿ 10ರಿಂದ 25 ಇರಬೇಕು. ಮೊದಲ 300 ಕಿ.ಮೀ.ಗೆ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ. ತೆಗೆದ ಫಿಲ್ಟರ್ ಅನ್ನು ಹಾಗೇ ಎಸೆಯದೆ ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಸಿಲಲ್ಲಿ ಬಿಡಿಸಿ ನೋಡಿ. ನಸು ಬೂದು ಮಿನುಗು ಸಹಜ. ಬೆರಳಿಗೆ ತಾಗುವ ಚೂರುಗಳು ಕಂಡರೆ ಗಾಡಿ ನಿಲ್ಲಿಸಿ ಎಂಜಿನ್ ತಳದ ಎಣ್ಣೆ ಸಂಪ್ ಇಳಿಸಿ. ಅದೇ ದಿನ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ಟಾರ್ಕ್ ಇನ್ನೊಮ್ಮೆ ನೋಡಿ. ಗ್ಯಾಸ್ಕೆಟ್ ತಯಾರಕರೇ ಬೇಡ ಅಂದಿದ್ದರೆ ಮಾತ್ರ ಬಿಡಿ. ಹೆಡ್ ಬಿಗಿಯಾದಷ್ಟೂ ಟ್ಯಾಪೆಟ್ ಸಂದು ಕಡಿಮೆಯಾಗಿರುತ್ತದೆ, ಹಾಗಾಗಿ ಎಂಟನ್ನೂ ಮತ್ತೆ 0.38ಕ್ಕೆ ತನ್ನಿ.